ಮದ್ದು ತೆಗೆಸಲು ಜಗಳೂರಿಗೆ ಹೋದದ್ದು

"ಸಾರಿನಾಗೆ ಏನೋ ಹಾಕಿದೀಯ ನೀನು."

ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ ನನ್ನ ಗಂಡ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ ಹೇಳಿದ ಮಾತು ಇದು. ಬೇಳೆಸಾರು. ನಮ್ಮ ಮನೆಯಲ್ಲಿ ಯಾವಾಗಲೂ ಮಾಡುವಂಥದ್ದೇ. ನಾನು ಬೆರಳು ಅದ್ದಿ ನಾಲಗೆಗೆ ಹಚ್ಚಿಕೊಂಡೆ. ಉಪ್ಪು, ಹುಳಿ, ಖಾರ ಎಲ್ಲವೂ ಸರಿಯಾಗಿತ್ತು. ತಲೆಗೆ ಪೆಟ್ಟು ಬಿದ್ದವರು, ಬಾಯಿ ಕೆಟ್ಟಿರಬೇಕು ಎಂದುಕೊಂಡು ಮಜ್ಜಿಗೆ ಅನ್ನ ಕಲಸಿ ಕೊಟ್ಟೆ. ಅದನ್ನೂ ಮೂಸಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು.

ನಾವು ನ್ಯಾಮತಿಯವರು. ನಮ್ಮದು ಶಾಮಿಯಾನದ ಅಂಗಡಿ. ಮದುವೆ, ಗೃಹಪ್ರವೇಶ, ತಿಥಿ ಎಲ್ಲಕ್ಕೂ ಚಪ್ಪರ, ಕುರ್ಚಿ, ಪಾತ್ರೆ, ಮೈಕು ಒದಗಿಸುವ ಕೆಲಸ. ಚನ್ನಗಿರಿ ತಾಲೂಕಿನ ಕತ್ತಲಗೆರೆಯಲ್ಲಿ ಒಂದು ಮದುವೆಗೆ ಶಾಮಿಯಾನ ಕಟ್ಟುವಾಗ ಏಣಿ ಜಾರಿತು. ಕೆಳಗೆ ಸಿಮೆಂಟ್ ನೆಲ. ದಾವಣಗೆರೆಯ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಇವರಿಗೆ ಪ್ರಜ್ಞೆ ಇರಲಿಲ್ಲ. ಸಿ.ಟಿ. ಸ್ಕ್ಯಾನ್, ಆಪರೇಷನ್, ಐಸಿಯು. ನಿಧಾನಕ್ಕೆ ಮಾತು ಬಂತು, ಕೈಕಾಲು ಆಡಿದವು. ಬದುಕಿ ಬಂದರಲ್ಲ ಎಂದು ಬೀದಿಯವರಿಗೆಲ್ಲ ಸಕ್ಕರೆ ಹಂಚಿದೆವು.

ಮನೆಗೆ ಬಂದವರು ಬೇರೆ ಯಾರೋ.

ಮೈಕು ಹಿಡಿದರೆ ಬಿಡದ ಮನುಷ್ಯ ಗೋಡೆ ಕಡೆ ಮುಖ ಮಾಡಿ ಮಲಗಿದರು. ಅಂಗಡಿಯ ಬೀಗದ ಕೈ ಕೊಡಹೋದರೆ ಮುಟ್ಟಲಿಲ್ಲ. ಮಗಳು ಸ್ಕೂಲಿನಿಂದ ಬಂದು ಪಕ್ಕ ಕೂತರೆ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡರು. "ನಾನು ಅಲ್ಲೇ ಸತ್ತಿದ್ರೆ ಚೆನ್ನಾಗಿತ್ತು" ಎಂದು ಒಂದು ದಿನ ಅಂದರು. ಹವಾಮಾನದ ಬಗ್ಗೆ ಮಾತಾಡುವವರ ಹಾಗೆ, ಸುಮ್ಮನೆ ಅಂದರು.

ಇನ್ನೊಂದು ವಿಚಿತ್ರ. ಕೆಲವು ದಿನ ಊಟದ ನಂತರ ಇದ್ದಕ್ಕಿದ್ದಂತೆ ಮೆತ್ತಗಾಗುತ್ತಿದ್ದರು. ಅರೆಗಣ್ಣು, ಸಣ್ಣ ನಗು, ತೊದಲುವ ಮಾತು. ಕುಡಿದಿದ್ದಾರಾ ಎಂದು ಬಾಯಿ ಹತ್ತಿರ ಮೂಗು ಹಿಡಿದರೆ ವಾಸನೆ ಇಲ್ಲ. ನನಗೆ ನಾಗರಾಜನ ಮೇಲೆ ಅನುಮಾನ. ಅವನು ಅಂಗಡಿಯಲ್ಲಿ ಇವರ ಪಾಲುದಾರ, ಆಗಾಗ ನೋಡಲು ಬರುತ್ತಿದ್ದ. ಗಾಂಜಾ ತಂದು ಕೊಡುತ್ತಿರಬೇಕು ಎಂದು ಅವನು ಬಂದು ಹೋದ ಮೇಲೆಲ್ಲ ಹಾಸಿಗೆ ಕೊಡವುತ್ತಿದ್ದೆ. ಬಾಗಿಲಲ್ಲಿ ಬಿಟ್ಟ ಅವನ ಚಪ್ಪಲಿಯನ್ನೂ ಎತ್ತಿ ನೋಡಿದ್ದೇನೆ. ಏನೂ ಸಿಗಲಿಲ್ಲ. ಪಾಪ, ಅವನಿಗೆ ಇವತ್ತಿಗೂ ಇದು ಗೊತ್ತಿಲ್ಲ.

ತಲೆನೋವಿಗೆಂದು ಆಸ್ಪತ್ರೆಯವರು ಕೆಂಪು ಹಳದಿ ಬಣ್ಣದ ಕ್ಯಾಪ್ಸೂಲ್ ಕೊಟ್ಟಿದ್ದರು. ಸ್ವಲ್ಪ ದಿನಕ್ಕೆ ಮಾತ್ರ, ಆಮೇಲೆ ಕೊಡಬೇಡಿ ಎಂದಿದ್ದರು. ಇವರು ಎಷ್ಟು ಅಂಗಲಾಚಿದರೂ ನಾನು ಮತ್ತೆ ತರಲಿಲ್ಲ.

ಅತ್ತೆಯ ಅನುಮಾನ ನನ್ನ ಮೇಲೆ. ಮದ್ದು ಹಾಕುವುದು ಎಂಬ ನಂಬಿಕೆಯೊಂದು ನಮ್ಮ ಕಡೆ ಇದೆ. ಆಗದವರು ಊಟದಲ್ಲಿ ಏನೋ ಬೆರೆಸಿ ಕೊಡುತ್ತಾರಂತೆ, ಅದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ಒಳಗೊಳಗೇ ತಿನ್ನುತ್ತದಂತೆ, ತಿಳಿದವರು ವಾಂತಿ ಮಾಡಿಸಿದರೆ ಹೊರಗೆ ಬರುತ್ತದಂತೆ. ಅತ್ತೆ ಮಗನಿಗೆ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡತೊಡಗಿದರು. ನಾನು ಕಾಯಿಸಿಟ್ಟ ನೀರನ್ನು ಹಿತ್ತಲಿಗೆ ಚೆಲ್ಲಿದರು. ಅತ್ತೆಯ ಅಡುಗೆಯೂ ಇವರಿಗೆ ಸೇರುತ್ತಿರಲಿಲ್ಲ. ಅದಕ್ಕೂ ಕಾರಣ ನಾನೇ ಆದೆ. ಹಾಕಿದ ಮದ್ದು ಒಳಗೇ ಇದೆಯಲ್ಲ!

"ಜಗಳೂರು ಕಡೆ ಒಂದು ಹಳ್ಳಿಯಾಗೆ ಮದ್ದು ತೆಗಿಯೋ ಅಜ್ಜ ಅದಾನಂತೆ. ಸೋಮವಾರ ಹೋಗಾಣ" ಎಂದರು ಅತ್ತೆ.

"ಆಪರೇಷನ್ ಆದ ತಲೆ ಅತ್ತೆ, ವಾಂತಿ ಮಾಡ್ಸಾಕೆ ಹೋಗಬಾರ್ದು."

"ನಿನಗ್ಯಾಕೆ ಅಷ್ಟು ಭಯ?"

ಅತ್ತೆ ತೀರ್ಪು ಮೊದಲೇ ಬರೆದಿಟ್ಟಿದ್ದರು.

"ಮದ್ದು ಬಂತು ಅಂದ್ರೆ ನೀನು ನಿನ್ನ ತವರಿಗೆ ಹೋಗು. ಮಗು ಇಲ್ಲೇ ಇರ್ತಾಳೆ."

ನನ್ನ ತವರು ಸಾಸ್ವೆಹಳ್ಳಿ, ದೂರವೇನಲ್ಲ. ಆದರೆ ಮಗಳನ್ನು ಬಿಟ್ಟು, ಗಂಡನಿಗೆ ವಿಷ ಹಾಕಿದವಳು ಎನ್ನಿಸಿಕೊಂಡು ಅಲ್ಲಿಗೆ ಹೋಗುವುದು ಹೇಗೆ? ಜಗಳೂರಿಗೆ ಬರುವುದಿಲ್ಲ ಎಂದರೆ ತಪ್ಪು ಒಪ್ಪಿಕೊಂಡ ಹಾಗೆ. ಬರುತ್ತೇನೆ ಎಂದರೂ ಉಳಿಯುವ ಹಾಗಿರಲಿಲ್ಲ. ಆ ಅಜ್ಜನ ಹತ್ತಿರ ಹೋದವರಲ್ಲಿ ಮದ್ದು ಬರಲಿಲ್ಲ ಎಂದವರನ್ನು ನಾನು ಕೇಳಿಯೇ ಇರಲಿಲ್ಲ. ಎಲ್ಲರ ಹೊಟ್ಟೆಯಿಂದಲೂ ಏನಾದರೊಂದು ಗಂಟು ಬಂದೇ ಬಂದಿತ್ತು.

ಹೊನ್ನಾಳಿ, ದಾವಣಗೆರೆ ದಾಟಿ ಜಗಳೂರಿಗೆ ಬಸ್ಸಿನಲ್ಲಿ ಹೋದೆವು. ಅತ್ತೆ ಮಗನ ಪಕ್ಕ, ನಾನು ಹಿಂದಿನ ಸೀಟು. ಜಗಳೂರು ಬಸ್ ಸ್ಟ್ಯಾಂಡಿನಲ್ಲಿ ಇವರು ಮೂತ್ರಕ್ಕೆಂದು ಹೋದವರು ಬಾಯಿ ಒರೆಸಿಕೊಂಡು ಬಂದರು. ನೀರು ಕೇಳಿ ಗಟಗಟ ಕುಡಿದರು. ನನಗೆ ಏನೋ ಅನ್ನಿಸಿತು. ಆದರೆ ಅವತ್ತು ಅನುಮಾನ ಪಡುವ ಹಕ್ಕು ನನಗೆ ಇರಲಿಲ್ಲ. ಅಲ್ಲಿಂದ ಹಳ್ಳಿಗೆ ಆಟೋ ಹಿಡಿದೆವು.

ಅಜ್ಜ ಯಾವುದೋ ಸೊಪ್ಪಿನ ರಸವನ್ನು ಮಜ್ಜಿಗೆಯಲ್ಲಿ ಕದಡಿ ಕುಡಿಸಿದ. "ಬರ್ತದೆ, ಬಂದೇ ಬರ್ತದೆ" ಎನ್ನುತ್ತ ಜೇಬಿನ ಮೊಬೈಲು ತೆಗೆದು ಯಾರೊಡನೆಯೋ ಮಾತಾಡಿದ. ಸ್ವಲ್ಪ ಹೊತ್ತಿಗೆ ಇವರು ಅಂಗಳದ ಅಂಚಿಗೆ ಓಡಿ ಕುಕ್ಕರಿಸಿ ವಾಂತಿ ಮಾಡತೊಡಗಿದರು. ನಾನು ಇವರ ಹಣೆ ಹಿಡಿದುಕೊಂಡೆ. ಹೊಲಿಗೆ ಹಾಕಿದ ಜಾಗ ನನ್ನ ಅಂಗೈಯಲ್ಲಿ ಬಡಿದುಕೊಳ್ಳುತ್ತಿತ್ತು. ದೇವರೇ, ಈ ತಲೆ ಒಡೆಯದಿರಲಿ, ಬೇಕಾದರೆ ನನ್ನನ್ನು ಮನೆಯಿಂದ ಓಡಿಸಲಿ ಎಂದು ಬೇಡಿಕೊಂಡೆ.

ಅಜ್ಜ ಕಡ್ಡಿಯಿಂದ ಕೆದಕಿದ. "ನೋಡ್ರಿ, ಬಂತು! ಹೆಣ್ಣಿನ ಕೈಯಿಂದ ಬಿದ್ದಿರೋ ಮದ್ದು."

ಸುತ್ತ ಸರದಿಯಲ್ಲಿ ಕೂತವರೆಲ್ಲ ನನ್ನತ್ತ ತಿರುಗಿದರು. ಅತ್ತೆ ಸೆರಗು ಬಿಗಿದುಕೊಂಡು ಮುಂದೆ ಬಂದು ಬಗ್ಗಿದರು.

ಕೆಂಪು ಹಳದಿ ಕ್ಯಾಪ್ಸೂಲುಗಳು. ಕೆಲವು ಊದಿದ್ದವು, ಕೆಲವು ಇನ್ನೂ ಹಾಗೇ ಇದ್ದವು. ಒಂದು ಹಿಡಿಯಷ್ಟು.

ಅತ್ತೆ ನಿಂತಲ್ಲೇ ನೆಲಕ್ಕೆ ಕೂತರು.

"ಇವು ನಾನು ತಂದುಕೊಟ್ಟವು" ಎಂದರು. "ತಲೆ ಸಿಡಿತೈತೆ, ಆಕೆ ಮಾತ್ರೆ ಕೊಡಾದಿಲ್ಲ ಅವ್ವಾ ಅಂತಿದ್ದ. ಖಾಲಿ ಸ್ಟ್ರಿಪ್ ತೋರ್ಸಿದ್ರೆ ಮೆಡಿಕಲ್ಲಿನಾಗೆ ಕೊಡೋರು. ಇಷ್ಟೊಂದು ಯಾಕೆ ನುಂಗಿದ್ಯೋ ಮಂಜಾ?"

ಇವರು ಬಾಯಿ ಒರೆಸಿಕೊಂಡರು. ಎಷ್ಟೋ ದಿನಗಳ ಮೇಲೆ ನೇರ ನನ್ನನ್ನೇ ನೋಡಿ ಮಾತಾಡಿದರು. "ನೋವಿಗಲ್ಲ. ನುಂಗಿದ್ರೆ ಸ್ವಲ್ಪ ಹೊತ್ತು ಏನೂ ಅನ್ಸಾದಿಲ್ಲ, ಅದಕ್ಕೆ. ಅವ್ವಾ, ಈಕೆ ಏನೂ ಹಾಕಿಲ್ಲ. ಊಟ ಯಾಕೆ ಮಣ್ಣಿನಂಗೆ ಐತೆ ಅಂತ ನನಗೂ ಗೊತ್ತಿಲ್ಲ."

ಒಳಗೆ ಇನ್ನೂ ಮದ್ದು ಉಳಿದಿದೆ, ಮುಂದಿನ ಸೋಮವಾರ ಬನ್ನಿ ಎಂದು ಅಜ್ಜ ಹೇಳುತ್ತಲೇ ಇದ್ದ. ನಾವು ಆಟೋ ಹತ್ತಿದೆವು.

ನೇರ ದಾವಣಗೆರೆಯ ಆಸ್ಪತ್ರೆಗೆ ಹೋದೆವು. ಅಲ್ಲಿಂದ ಮಾನಸಿಕ ರೋಗಗಳ ವಿಭಾಗಕ್ಕೆ ಕಳಿಸಿದರು. ಡಾಕ್ಟರ್ ಮೇಡಂ ಮೊದಲು ಬೈದರು, ತಲೆ ಆಪರೇಷನ್ ಆದವರಿಗೆ ವಾಂತಿ ಮಾಡಿಸುತ್ತಾರಾ ಎಂದು. ಆಮೇಲೆ ಇವರ ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ಕಾಫಿಪುಡಿ ಹಿಡಿದರು, ಸೋಪು ಹಿಡಿದರು. ಇವರಿಗೆ ಯಾವುದೂ ಗೊತ್ತಾಗಲಿಲ್ಲ. ಪೆಟ್ಟಿನಿಂದ ವಾಸನೆಯೇ ಹೋಗಿದೆ, ವಾಸನೆ ಇಲ್ಲದೆ ರುಚಿಯೂ ಸಿಗುವುದಿಲ್ಲ ಎಂದರು. ಇಷ್ಟೇನಾ? ಇಷ್ಟಕ್ಕೆ ನಾನು ವಿಷ ಹಾಕಿದವಳಾಗಿದ್ದೆನಾ? ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

ಗೋಡೆ ನೋಡುತ್ತ ಮಲಗುವುದು ಸೋಮಾರಿತನವಲ್ಲ, ಡಿಪ್ರೆಷನ್. ಮಿದುಳಿಗೆ ಏಟಾದವರಲ್ಲಿ ಬಹಳ ಮಂದಿಗೆ ಬರುತ್ತದೆ ಎಂದು ಮೇಡಂ ಬಿಡಿಸಿ ಹೇಳಿದರು. ಕ್ಯಾಪ್ಸೂಲಿನ ಚಟ ಹತ್ತಿದೆ, ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಅಡ್ಮಿಟ್ ಮಾಡಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು ಎಂದರು.

ವಾರ್ಡಿನ ದಿನಗಳನ್ನು ನೆನೆಸಿಕೊಳ್ಳಲು ಇಷ್ಟವಿಲ್ಲ. ಬೆವರು, ನಡುಕ, ಬೈಗುಳ. ನಾನು ಜಗ್ಗುವುದಿಲ್ಲ ಎಂದು ಇವರಿಗೆ ಗೊತ್ತಿತ್ತು, ಅದಕ್ಕೇ ಅವ್ವನ ಕೈ ಹಿಡಿದು ಬೇಡಿದರು. "ಒಂದೇ ಒಂದು ತಂದುಕೊಡು ಅವ್ವಾ, ಸಾಯ್ತೀನಿ." ಅತ್ತೆ ಕೈ ಬಿಡಿಸಿಕೊಂಡು ಕಾರಿಡಾರಿಗೆ ಬಂದರು. ಸೊಂಟದಿಂದ ದುಡ್ಡಿನ ಸಂಚಿ ಬಿಚ್ಚಿ ನನ್ನ ಮಡಿಲಲ್ಲಿ ಹಾಕಿದರು.

"ನೀನೇ ಇಟ್ಕೊ. ಅವನು ಹಂಗೆ ಕೇಳಿದ್ರೆ ನನ್ನ ಮ್ಯಾಲೆ ನನಗೇ ನಂಬಿಕೆ ಇಲ್ಲ."

ಅತ್ತೆ ನನ್ನಲ್ಲಿ ಇವತ್ತಿನವರೆಗೆ ತಪ್ಪಾಯಿತು ಎಂದಿಲ್ಲ. ನನ್ನ ಸಿಟ್ಟೂ ಪೂರ್ತಿ ಇಳಿದಿಲ್ಲ. ಆದರೆ ಅವತ್ತು ಒಂದೇ ಲೋಟದ ಟೀಯನ್ನು ಇಬ್ಬರೂ ಹಂಚಿಕೊಂಡು ಕುಡಿದೆವು.

ಈಗ ಇವರು ವಾರದಲ್ಲಿ ಕೆಲವು ದಿನ ಅಂಗಡಿಗೆ ಹೋಗುತ್ತಾರೆ. ಕುರ್ಚಿ ಎಣಿಸುತ್ತಾರೆ, ಏಣಿ ಹತ್ತುವುದಿಲ್ಲ. ಗೋಡೆಯ ಕಡೆ ತಿರುಗುವ ದಿನಗಳು ಈಗಲೂ ಇವೆ. ಮೇಡಂ ಬರೆದುಕೊಟ್ಟ ಮಾತ್ರೆಯನ್ನು ನಾನೇ ಕೊಡುತ್ತೇನೆ. ನುಂಗಿದರಾ, ಇಲ್ಲ ಕೂಡಿಟ್ಟು ಆಮೇಲೆ ಒಟ್ಟಿಗೆ ನುಂಗಲು ದವಡೆಯಲ್ಲಿ ಇಟ್ಟುಕೊಂಡರಾ ಎಂದು ಬಾಯಿ ತೆರೆಸಿ, ನಾಲಗೆ ಎತ್ತಿಸಿ, ಮೊಬೈಲಿನ ಬೆಳಕು ಬಿಟ್ಟು ನೋಡುತ್ತೇನೆ. ಮೊದಮೊದಲು ಇದಕ್ಕೆ ದೊಡ್ಡ ರಂಪವೇ ಆಗುತ್ತಿತ್ತು.

ಮೊನ್ನೆ ಮಾತ್ರೆ ನುಂಗಿಸಿ, ಮಗಳು ಕರೆದಳೆಂದು ಬೆಳಕು ಬಿಡದೆ ಎದ್ದೆ. ಇವರು ನನ್ನ ಸೆರಗು ಹಿಡಿದು ನಿಲ್ಲಿಸಿದರು.

"ನನ್ನನ್ನ ನಂಬಿಬಿಟ್ಯಾ?"

"ಇಲ್ಲ" ಎಂದೆ.

"ನಂಬಬೇಡ. ನೋಡಿ ಹೋಗು" ಎಂದು ಅಗಲಕ್ಕೆ ಬಾಯಿ ತೆರೆದರು.