ಎತೆಲ್ವಿನಾ ಮ್ಯಾನೇಜರ್ ಆದ ಭಾನುವಾರ

ಫ್ರಾಯ್ ಬೆಂತೋಸ್ ಊರಿನ ನದಿ ದಂಡೆಯಲ್ಲಿದ್ದ ರಿಬೆರಾ ಫುಟ್ಬಾಲ್ ಕ್ಲಬ್ಬಿಗೆ ಮ್ಯಾನೇಜರ್ ಆಗಿ ಬಂದವರೆಲ್ಲ ಎರಡಕ್ಕೆ ಹೆದರುತ್ತಿದ್ದರು. ಒಂದು ಸೋಲು, ಇನ್ನೊಂದು ಎತೆಲ್ವಿನಾ ಬೆರೂತಿ. ಸೋಲಿನ ಮುಖ ಆಟ ಮುಗಿದ ಮೇಲೆ ನೋಡಿದರಾಯಿತು. ಎತೆಲ್ವಿನಾ ಮಾತ್ರ ಶುರುವಿನಿಂದಲೇ ಬೆನ್ನ ಹಿಂದೆ ನಿಂತಿರುತ್ತಿದ್ದಳು.

ಅರವತ್ತು ದಾಟಿದ ಹೆಂಗಸು. ಮೈದಾನದ ಬಾಗಿಲಲ್ಲಿ ಬಾಣಲೆ ಇಟ್ಟುಕೊಂಡು ತೋರ್ತಾ ಫ್ರೀತಾ ಕರಿಯುವುದು ಅವಳ ಕಸುಬು. ಹಿಟ್ಟಿಗೆ ಕೊಬ್ಬು ಹಾಕಿ ನಾದಿ, ನಡುವೆ ತೂತು ಮಾಡಿ, ಬಿಸಿ ಕೊಬ್ಬಿಗೆ ಬಿಟ್ಟರೆ ಪೂರಿಯ ಹಾಗೆ ಉಬ್ಬಿ ಬರುತ್ತಿತ್ತು. ರೆಫರಿ ಸೀಟಿ ಊದಿದ್ದೇ ತಡ, ಜಾಲರಿ ಸೌಟನ್ನು ಗಂಡ ಅನಿಬಾಲನ ಕೈಗೆ ತುರುಕಿ, ಮ್ಯಾನೇಜರ್ ಕೂರುವ ಬೆಂಚಿನ ಹಿಂದಿನ ತಂತಿಬೇಲಿಗೆ ಹೋಗಿ ಅಂಟಿಕೊಳ್ಳುತ್ತಿದ್ದಳು. ಆಮೇಲೆ ಶುರು.

"ಅಯ್ಯೋ, ಎಡಗಡೆ ಬೀದಿ ಬಾಗ್ಲು ತೆಗೆದಿಟ್ಟಂಗಿದೆ, ಕಾಣ್ಸಲ್ವೇನೋ! ನಿಂಗೆ ಮ್ಯಾನೇಜರ್ ಕೆಲ್ಸ ಕೊಟ್ಟೋರ್ಯಾರೋ? ಕೋಳಿ ಕಾಯಕ್ಕೂ ಲಾಯಕ್ಕಿಲ್ಲ ನೀನು!"

ಊರ ರೇಡಿಯೊದಲ್ಲಿ ಆಟ ಕೇಳುವವರಿಗೆ ವಿವರಣೆ ಕೊಡುವವನಿಗಿಂತ ಇವಳ ದನಿಯೇ ಸ್ಪಷ್ಟವಾಗಿ ಕೇಳುತ್ತಿತ್ತು. ಕೊನೆಗೆ ಬಂದಿದ್ದ ಮ್ಯಾನೇಜರ್ ಅಂತೂ, ಐದು ಗೋಲು ತಿಂದ ದಿನ, ಅರ್ಧ ಆಟದ ವಿರಾಮದಲ್ಲಿ ಸಿಗರೇಟು ತರುತ್ತೇನೆಂದು ಹೋದವನು ಹಾಗೇ ಬಸ್ಸು ಹತ್ತಿಬಿಟ್ಟ.

ಹೊಸಬನನ್ನು ಆರಿಸಲು ಶನಿವಾರ ಕ್ಲಬ್ಬಿನವರು ಮರದ ಗುಂಡು ಉರುಳಿಸಿ ಬೋಚಾಸ್ ಆಡುವ ಹಜಾರದಲ್ಲಿ ಸದಸ್ಯರ ಸಭೆ ಸೇರಿತು. ಎಲ್ಲರ ಕಂಕುಳಲ್ಲೂ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಕೊಳವೆಯಿಂದ ಹೀರುವ ಮಾತೆ ಕಷಾಯದ ಸೋರೆ ಬುರುಡೆ. ಅಧ್ಯಕ್ಷ ದೊನ್ ಕಾಸಿಮಿರೊ ಒಲಾಸೊ, ಅದೇ ಊರಿನಲ್ಲಿ ಶವಸಂಸ್ಕಾರದ ಅಂಗಡಿ ಇಟ್ಟವನು. ಗಿರಾಕಿಗಳು ಎದುರು ಮಾತಾಡದ ವ್ಯಾಪಾರವಾದ್ದರಿಂದ ಕ್ಲಬ್ಬಿನಲ್ಲೂ ಅದನ್ನೇ ಬಯಸುತ್ತಿದ್ದ.

ಮೊದಲು ಎದ್ದವನು ಮಾಂಸದಂಗಡಿಯ ಎಲ್ಬಿಯೊ. "ಮಾಂಟೆವಿಡಿಯೊದಲ್ಲಿ ಒಬ್ಬ ಇದಾನಂತೆ. ಎಲ್ಲಾ ಲ್ಯಾಪ್‌ಟಾಪಲ್ಲೇ ಲೆಕ್ಕ ಹಾಕಿ ಆಡಿಸ್ತಾನಂತೆ."

"ನಮ್ ಹುಡುಗ್ರಿಗೆ ಕಾಲ್ಕೆಳಗಿರೋ ಚೆಂಡೇ ಕಾಣಲ್ಲ," ಎಂದಳು ಎತೆಲ್ವಿನಾ, "ಇನ್ನು ಲ್ಯಾಪ್‌ಟಾಪ್ ಕಾಣುತ್ತಾ?"

"ಮ್ಯಾನೇಜರ್ ವಿಷ್ಯ ಆಮೇಲೆ," ಎಂದ ದೊನ್ ಕಾಸಿಮಿರೊ. "ಒಂದು ವಿದೇಶಿ ಕಂಪನಿ ನಮ್ಮ ಕ್ಲಬ್ಬನ್ನೇ ಕೊಂಡ್ಕೊಳಕ್ಕೆ ಮುಂದೆ ಬಂದಿದೆ. ಮ್ಯಾನೇಜರ್ನ ಅವ್ರೇ ಹಾಕ್ತಾರೆ. ಕ್ಲಬ್ ನಡ್ಸೋದು ಅಂದ್ರೆ ಹಂಗೇ ಈಗ. ಮಾತು ಕಮ್ಮಿ, ಕೆಲ್ಸ ಜಾಸ್ತಿ. ಆದ್ರೆ ಜರ್ಸಿ ಬಣ್ಣ ಸ್ವಲ್ಪ ಬದ್ಲಾಗುತ್ತೆ."

"ಸ್ವಲ್ಪ ಅಂದ್ರೆ?"

"ಹಸಿರು ಬಿಳಿ ಹೋಗಿ... ನೇರಳೆ."

ಮರುಕ್ಷಣ ಚಾವಣಿ ಹಾರಿಹೋಗುವಷ್ಟು ಗಲಾಟೆ. ದೊನ್ ಕಾಸಿಮಿರೊ ಮೇಜು ಗುದ್ದಿ, ವೋಟಿಗೆ ಹಾಕೋಣ, ಬರದಿದ್ದ ಸದಸ್ಯರ ವೋಟೂ ನನ್ನ ಹತ್ತಿರ ಇದೆ ಎಂದ. ಎತೆಲ್ವಿನಾ ಕುರ್ಚಿ ಹತ್ತಿ ನಿಂತಳು.

"ಬರ್ದಿದ್ದೋರ್ಯಾರು ಅಂತ ನಂಗೊತ್ತಿಲ್ವಾ? ನೀನು ಪೆಟ್ಟಿಗೇಲಿಟ್ಟು ಮೊಳೆ ಹೊಡ್ದು ಕಳ್ಸಿದೋರೆಲ್ಲ ಇನ್ನೂ ನಮ್ ಸದಸ್ಯರು! ನಮ್ಮಪ್ಪ ಸತ್ತು ಎಷ್ಟೋ ವರ್ಷ ಆಯ್ತು, ಹೋದ್ ಸಲ ನಿಂಗೇ ವೋಟ್ ಹಾಕಿದಾನೆ! ಬದುಕಿದ್ದಾಗ ನಿನ್ ಮುಖ ಕಂಡ್ರೆ ಆಗ್ತಿರ್ಲಿಲ್ಲ ಅವನಿಗೆ!"

ಸಂಜೆಯವರೆಗೆ ಅವಳು ಕುರ್ಚಿಯಿಂದ ಇಳಿಯಲಿಲ್ಲ. ಕಂಪನಿಯ ವೋಟು ಅಲ್ಲಿಗೇ ನಿಂತಿತು. ಮ್ಯಾನೇಜರ್ ಕೆಲಸಕ್ಕೆ ಒಬ್ಬೊಬ್ಬರ ಹೆಸರು ಹೇಳಿದಾಗಲೂ ಒಂದೊಂದು ಕುಂದು ತೆಗೆದಳು. ಇವನು ಅಂಜುಬುರುಕ, ಅವನು ನಿದ್ದೆಬುರುಕ, ಮತ್ತೊಬ್ಬನ ಮೀಸೆ ನಂಬುವ ಹಾಗಿಲ್ಲ. ದೊನ್ ಕಾಸಿಮಿರೊನ ತಾಳ್ಮೆಯ ಕಟ್ಟೆ ಒಡೆಯಿತು.

"ಹಾಗಾದ್ರೆ ನೀನೇ ಮಾಡಮ್ಮ ತಾಯಿ! ನಾಳೆ ಯೂನಿಯನ್ ನೊರ್ತೆ ಜೊತೆ ಆಟ ಇದೆ. ನೀನೇ ಮ್ಯಾನೇಜರ್, ಕೂತ್ಕೋ ಬೆಂಚಲ್ಲಿ!"

ಬಾಯಿ ಮುಚ್ಚಿಸಲು ಹೇಳಿದ ಮಾತು. ಎಲ್ಬಿಯೊ ನಗುತ್ತ ಕೈ ಎತ್ತಿದ. ಪಕ್ಕದವರು ಎತ್ತಿದರು. ನೋಡನೋಡುತ್ತ ಹಜಾರದ ತುಂಬ ಕೈಗಳೇ. ಸತ್ತವರನ್ನೆಲ್ಲ ಕರೆತಂದಿದ್ದರೂ ದೊನ್ ಕಾಸಿಮಿರೊಗೆ ಅಷ್ಟು ವೋಟು ಬೀಳುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಎದ್ದು ಎತೆಲ್ವಿನಾ ಬಾಯಿ ತೆರೆದರೆ ದನಿಯೇ ಇಲ್ಲ! ಸಭೆಯಲ್ಲಿ ಅರಚಿದ ಅರಚಾಟಕ್ಕೆ ಗಂಟಲು ಕಟ್ಟಿ, ಗಾಳಿ ಬಿಟ್ಟ ಚಕ್ರದ ಹಾಗೆ ಬರೀ ಉಸ್ ಎನ್ನುತ್ತಿತ್ತು. ಅನಿಬಾಲ್ ಜೇನು ಕೊಟ್ಟ, ನಿಂಬೆ ಹಿಂಡಿದ, ಪಕ್ಕದ ಮನೆಯಾಕೆ ಹೇಳಿದಂತೆ ಈರುಳ್ಳಿ ಸುಟ್ಟು ಕತ್ತಿಗೆ ಕಟ್ಟಿದ. ಏನೂ ಪ್ರಯೋಜನವಾಗಲಿಲ್ಲ. ಆದರೆ ಮದುವೆಯಾದಂದಿನಿಂದ ಮೊದಲ ಸಲ ಅವನು ಒಂದು ವಾಕ್ಯವನ್ನು ಕೊನೆಯವರೆಗೆ ಹೇಳಿ ಮುಗಿಸಿದ. ಎಷ್ಟು ಹಿಡಿಸಿತೆಂದರೆ, ಅದನ್ನೇ ಇನ್ನೊಮ್ಮೆ ಹೇಳಿದ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಆಟಗಾರರು ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ಕೂತಿದ್ದರು. ಎತೆಲ್ವಿನಾ ಒಳಗೆ ಬಂದಳು, ಒಬ್ಬೊಬ್ಬರ ಮುಖವನ್ನೂ ನೋಡಿದಳು, ಹಾಗೇ ಹೊರಗೆ ಹೋದಳು.

"ಬೈಲಿಲ್ವಲ್ಲೋ," ಎಂದ ನಾಯಕ ಮಿಲ್ಟನ್, ಮುಖ ಬಿಳಿಚಿಕೊಂಡು. "ಏನೋ ಗ್ರಹಚಾರ ಕಾದಿದೆ ಕಣ್ರೋ. ಓಡಿ ಇವತ್ತು, ಜೀವ ಬಿಟ್ಟು ಓಡಿ."

ಓಡಿದರು. ಎತೆಲ್ವಿನಾಗೆ ಮಾತ್ರ ಅದು ಕಾಣಲಿಲ್ಲ. ರಿಬೆರಾದ ಬೆಂಚು ಇರುವುದು ನೆಲಕ್ಕಿಂತ ತಗ್ಗಿನ ಗುಂಡಿಯಲ್ಲಿ. ಅಲ್ಲಿ ಕೂತರೆ ಕಾಣುವುದು ಓಡುವ ಕಾಲುಗಳು, ಅದೂ ಮೊಣಕಾಲಿನವರೆಗೆ. ಎಡಗಡೆ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಆ ದೇವರಿಗೇ ಗೊತ್ತು. ಅವಳಿಗೆ ಹಿಂದಿನ ಮ್ಯಾನೇಜರುಗಳೆಲ್ಲರ ಮೇಲೆ ಒಂದು ಕ್ಷಣ ಕನಿಕರ ಉಕ್ಕಿತು. ಅಷ್ಟರಲ್ಲಿ ಬೆನ್ನ ಹಿಂದಿನ ಬೇಲಿಯಿಂದ ಯಾರೋ ಕೂಗಿದರು. ತಿರುಗಿ ನೋಡಿದರೆ ಎಲ್ಬಿಯೊ, ಅವಳದೇ ಜಾಗದಲ್ಲಿ, ತಂತಿಗೆ ಮೂಗು ಒತ್ತಿಕೊಂಡು!

"ಏನ್ ಕೂತಿದೀಯಾ ಪೂಜಾರಿ ಥರ! ಎದ್ದು ಏನಾದ್ರೂ ಮಾಡು! ಕಿತ್ತಾಕ್ರೋ ಇವಳನ್ನ!"

ಕನಿಕರ ಹಾರಿಹೋಯಿತು. ಉತ್ತರ ಕೊಡಲು ದನಿಯಿಲ್ಲದೆ ಎತೆಲ್ವಿನಾ ಒಳಗೊಳಗೇ ಕುದಿದಳು.

ಕೊನೆಯ ಹೊತ್ತಿಗೂ ಯಾರೂ ಗೋಲು ಹೊಡೆದಿರಲಿಲ್ಲ. ಗಂಟಲು ಒಣಗಿ ಹೋಗಿತ್ತು. ಎತೆಲ್ವಿನಾ ಗುಂಡಿಯಿಂದ ಮೇಲೆದ್ದು, ದೂರದಲ್ಲಿ ಬಾಣಲೆಯ ಮುಂದೆ ಇದ್ದ ಗಂಡನಿಗೆ ಮಾತೆ ತರಲು ಸನ್ನೆ ಮಾಡಿದಳು. ಬುರುಡೆ ತಿಳಿಯಲೆಂದು ಎರಡೂ ಕೈಯಿಂದ ಗಾಳಿಯಲ್ಲಿ ದೊಡ್ಡ ಉರುಟು ಬರೆದು, ಕೊಳವೆಯ ಹಾಗೆ ಹೆಬ್ಬೆರಳನ್ನು ಬಾಯಿಗಿಟ್ಟಳು.

ಅನಿಬಾಲ್ ಅತ್ತ ನೋಡಲಿಲ್ಲ. ಮಿಲ್ಟನ್ ನೋಡಿದ.

"ದಪ್ಪಗಿರೋನು, ತಿಂತಾ ಇರೋನು... ವಾಲ್ದೆಮಾರ್! ವಾಲ್ದೆಮಾರ್ನ ಇಳಿಸ್ತಿದಾರೆ!"

ವಾಲ್ದೆಮಾರ್ ಬದಲಿ ಗೋಲ್‌ಕೀಪರ್. ಬೆಂಚಿನ ತುದಿಯಲ್ಲಿ ತೋರ್ತಾ ಮೆಲ್ಲುತ್ತ ಹಾಯಾಗಿದ್ದವನು ಕಕ್ಕಾಬಿಕ್ಕಿಯಾದ. "ನಾನಾ? ನಮ್ ಗೋಲ್‌ಕೀಪರ್‌ಗೇನಾಗಿದೆ? ಚೆನ್ನಾಗೇ ಇದಾನಲ್ಲ!"

"ಮುಂದೆ ಆಡ್ಸಕ್ಕಿರ್ಬೇಕು ಕಣೋ. ಬೇಗ ಬಾ!"

ಎತೆಲ್ವಿನಾ ಎರಡೂ ಕೈ ಬೀಸಿ ಬೇಡ ಬೇಡ ಎಂದಳು. ಹೋಗು ಹೋಗು ಎನ್ನುತ್ತಿದ್ದಾಳೆ ಎಂದುಕೊಂಡು ವಾಲ್ದೆಮಾರ್ ಎಣ್ಣೆಗೈಯನ್ನು ಚಡ್ಡಿಗೆ ಒರೆಸಿಕೊಂಡು, ಮುಂಪಡೆಯ ಆಟಗಾರನೊಬ್ಬನ ಬದಲಿಗೆ ಕಣಕ್ಕಿಳಿದೇಬಿಟ್ಟ. ಬೇಲಿಯ ಹಿಂದೆ ಎಲ್ಬಿಯೊ ಟೊಪ್ಪಿಗೆ ಕಿತ್ತು ನೆಲಕ್ಕೆ ಬಡಿದ. ಅಷ್ಟರಲ್ಲಿ ರಿಬೆರಾಗೆ ಕಾರ್ನರ್ ಸಿಕ್ಕಿತು. ಎದುರಾಳಿಗಳಲ್ಲಿ ಮೂವರು ಈ ಬೆಟ್ಟವನ್ನು ಕಾಯಲು ಓಡಿಬಂದರು. ಅವರನ್ನು ಕಂಡು ಹೆದರಿದ ವಾಲ್ದೆಮಾರ್ ಬೆನ್ನು ತಿರುಗಿಸಿದ. ಚೆಂಡು ಬಂದು ಅವನ ಅಂಡಿಗೆ ಬಡಿದು, ಪುಟಿದು, ಎದುರಾಳಿ ಗೋಲ್‌ಕೀಪರನ ತಲೆ ಮೇಲಿಂದ ಬಲೆಯೊಳಗೆ ಬಿತ್ತು.

"ನಾನ್ ಹೇಳ್ಲಿಲ್ವಾ!" ಎಂದು ಎಲ್ಬಿಯೊ ಬೇಲಿ ಅಲುಗಾಡಿಸಿದ. "ಏನ್ ತಲೆ ರೀ ಅವಳ್ದು!"

ಆ ಒಂದು ಗೋಲಿನಿಂದ ರಿಬೆರಾ ಗೆದ್ದ ಮೇಲೆ ಎರಡು ದಿನ ಊರಲ್ಲಿ ಬೇರೆ ಮಾತೇ ಇಲ್ಲ. ಮೌನವೇ ಅವಳ ತಂತ್ರ ಎಂದ ರೇಡಿಯೊದವನು. ಎದುರಾಳಿಯ ಗಮನ ಸೆಳೆಯಲೆಂದೇ ದಪ್ಪನೆಯವನನ್ನು ಇಳಿಸಿದ್ದು ಎಂದರು ಬೋಚಾಸ್ ಆಡುವ ಮುದುಕರು. ಮಂಗಳವಾರ ದನಿ ಬಂದಾಗ ಎತೆಲ್ವಿನಾ ಹಜಾರಕ್ಕೇ ಹೋಗಿ ಹೇಳಿದಳು: "ಅಯ್ಯೋ ಪೆದ್ದುಗಳಾ, ನಾನ್ ಕೇಳಿದ್ದು ಮಾತೆ! ಕುಡಿಯೋಕೆ!"

"ನೋಡ್ರಪ್ಪ, ಎಷ್ಟು ವಿನಯ," ಎಂದರು ಎಲ್ಲರೂ.

ಹುಟ್ಟಿದಾರಭ್ಯ ಯಾರೂ ಅವಳಿಗೆ ಅಂಥ ಮಾತು ಅಂದಿರಲಿಲ್ಲ. ಅವಳಿಗೆ ನಖಶಿಖಾಂತ ಉರಿಯಿತು. ಈ ಋತುವಿಡೀ ನೀನೇ ಇರು ಎಂದು ದೊನ್ ಕಾಸಿಮಿರೊ ಗೋಗರೆದರೂ ಒಪ್ಪಲಿಲ್ಲ. "ಆ ಗುಂಡೀಲಿ ಕೂತ್ರೆ ಆಟಾನೂ ಕಾಣಲ್ಲ, ಬೈಯಕ್ಕೂ ಯಾರಿಲ್ಲ. ಅದೊಂದು ಕೆಲ್ಸಾನಾ?" ಬದಲಿಗೆ ಒಂದೇ ಒಂದು ಕೇಳಿದಳು: ಸತ್ತವರ ಹೆಸರು ಕೈಬಿಟ್ಟು ಕಂಪನಿ ವಿಷಯಕ್ಕೆ ವೋಟು ಹಾಕಿಸಬೇಕು. ಗೆದ್ದ ಹುರುಪಿನಲ್ಲಿದ್ದ ಜನರೆದುರು ಅವನು ಇಲ್ಲವೆನ್ನಲಾಗಲಿಲ್ಲ. ನೇರಳೆ ಬಣ್ಣಕ್ಕೆ ಬಿದ್ದದ್ದು ಎರಡೇ ವೋಟು, ಒಂದು ಅವನದು. ಇನ್ನೊಂದು ಯಾರದೆಂದು ಇವತ್ತಿಗೂ ಜಗಳವಿದೆ.

ಹೊಸ ಮ್ಯಾನೇಜರ್ ಆಗಿ ಮೆರ್ಸೆದೆಸ್ ಊರಿನ ಎರಿಬೆರ್ತೊ ಎಂಬ ಮೆತ್ತನೆಯ ಮನುಷ್ಯ ಬಂದ. ಮೊದಲ ಆಟದ ದಿನ ಎತೆಲ್ವಿನಾ ಅವನನ್ನು ಪಕ್ಕಕ್ಕೆ ಕರೆದು, ಬಿಸಿ ತೋರ್ತಾ ಕೈಗಿಟ್ಟು, ಪ್ರೀತಿಯಿಂದಲೇ ಹೇಳಿದಳು. "ಅಲ್ಲಿಂದ ಏನೂ ಕಾಣಲ್ಲ ಕಣಪ್ಪ, ನಾನೂ ಕೂತಿದ್ದೆ, ಗೊತ್ತು. ಹೆದರ್ಬೇಡ. ನಂಗ್ ಕಂಡಿದ್ದನ್ನ ಬೇಲಿಯಿಂದ ಹೇಳ್ತಿರ್ತೀನಿ." ಎರಿಬೆರ್ತೊ ನಕ್ಕು ತಲೆಯಾಡಿಸಿದ.

ಹೇಳಿದಳು. ಇಡೀ ಋತು ಹೇಳಿದಳು, ಮೊದಲಿಗಿಂತ ಒಂದು ಕೈ ಜೋರಾಗಿಯೇ. ಅವನೋ ಕದಲಲಿಲ್ಲ, ಮುನಿಯಲಿಲ್ಲ, ಸಿಗರೇಟು ತರಲೂ ಹೋಗಲಿಲ್ಲ. ಎಂಥ ಗಟ್ಟಿ ಗುಂಡಿಗೆಯವನು ಎಂದು ಎತೆಲ್ವಿನಾಗೇ ಅವನ ಮೇಲೆ ಗೌರವ ಹುಟ್ಟಿತು. ಋತುವಿನ ಕೊನೆಗೆ ಎಲ್ಲರೂ ಸೇರಿ ಕೆಂಡದ ಮೇಲೆ ಮಾಂಸ ಸುಟ್ಟು ಊಟಕ್ಕೆ ಕೂತಾಗ ಎರಿಬೆರ್ತೊನ ಹೆಂಡತಿ, ಉಪ್ಪು ಈಚೆ ಕೊಡಿ ಎಂದು ಅವನ ತೋಳನ್ನು ಅಲುಗಾಡಿಸಿ ಅಲುಗಾಡಿಸಿ ಕೇಳಿದಳು. ಆಮೇಲೆ ಎತೆಲ್ವಿನಾಳ ಕಡೆ ತಿರುಗಿ, "ಕ್ಷಮಿಸಿ ದೊನ್ಯಾ ಎತೆಲ್ವಿನಾ, ಇವರಿಗೆ ಮದುವೆಗೆ ಮುಂಚಿಂದ್ಲೂ ಕಿವಿ ಮಂದ," ಎಂದಳು.