ಕಾಣೆಯಾದ ನಾಲ್ಕು ಕೋರ್‌ಗಳು

೨೦೨೩ರ ಮಳೆಗಾಲ. ದಾಂಡೇಲಿಯ ಕಾಗದ ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ವಿಭಾಗದ ಮೇಲ್ವಿಚಾರಕನ ಹುದ್ದೆಯಿಂದ ನಾನು ನಿವೃತ್ತನಾಗಿ ಐದು ವರ್ಷಗಳಾಗಿದ್ದವು. ಯಂತ್ರಗಳ ಒತ್ತಡ, ಉಷ್ಣತೆ, ವೇಗಗಳನ್ನು ಅಳೆಯುವ ಉಪಕರಣಗಳನ್ನೂ ಅವುಗಳ ಹಿಂದಿನ ಕಂಪ್ಯೂಟರುಗಳನ್ನೂ ನೋಡಿಕೊಳ್ಳುವುದು ಆ ವಿಭಾಗದ ಕೆಲಸ. ನಿವೃತ್ತಿಯ ನಂತರ ಯಾರ ಕಂಪ್ಯೂಟರನ್ನೂ ಮುಟ್ಟುವುದಿಲ್ಲವೆಂದು ನಿಶ್ಚಯಿಸಿದ್ದೆ. ಆ ನಿಶ್ಚಯವನ್ನು ಮುರಿಯುವಂತೆ ಮಾಡಿದವರು ಹಳಿಯಾಳದ ಶಾಂತವ್ವ.

ಶಾಂತವ್ವನವರ ಗಂಡ ಈರಣ್ಣ ನನ್ನ ಕೈಕೆಳಗೆ ಗುತ್ತಿಗೆಯ ಮೇಲೆ ಬಹಳ ವರ್ಷ ದುಡಿದವನು. ಗುತ್ತಿಗೆ ಮುಗಿದಾಗ ಊರಿಗೆ ಮರಳಿ ಕಂಪ್ಯೂಟರ್ ರಿಪೇರಿಯ ಅಂಗಡಿ ತೆರೆದಿದ್ದ. ಆ ಆಷಾಢದಲ್ಲಿ ಎದೆನೋವಿನಿಂದ ತೀರಿಕೊಂಡ. ದಿನಕರ್ಮಗಳು ಮುಗಿದ ಮೇಲೆ ಮಾತನಾಡಿಸಿಕೊಂಡು ಬರಲು ಹೋದ ನನ್ನನ್ನು ಶಾಂತವ್ವ ಎದುರಿಗೆ ಕೂಡ್ರಿಸಿಕೊಂಡರು. ಅಳಲಿಲ್ಲ.

"ಸಾಹೇಬ್ರ, ಅವರು ಹೋದ್ರು, ಅದಕ್ಕ ಯಾರೇನ್ ಮಾಡೂದೈತಿ. ಆದ್ರ ಕಳ್ಳ ಅನ್ನಿಸ್ಕೊಂಡು ಹೋದ್ರು. ನೀವರ ಒಮ್ಮೆ ಆ ಡಬ್ಬಿ ಬಿಚ್ಚಿ ನೋಡ್ರಿ. ಕದ್ದಿದ್ದು ಖರೇನ ಆದ್ರ, ಅದನ್ನೂ ನನಗ ಹೇಳ್ರಿ."

ಅವರು ಹೇಳಿದ ಡಬ್ಬಿ ಬಸ್ ನಿಲ್ದಾಣದ ಹತ್ತಿರ ಸ್ಟುಡಿಯೋ ಇಟ್ಟಿರುವ ಮಂಜುನಾಥನ ಕಂಪ್ಯೂಟರು. ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವುದು ಅವನ ಉದ್ಯೋಗ. ಒಂದೇ ಓಣಿಯವರಾದ್ದರಿಂದ ಈರಣ್ಣನನ್ನು ಅವನು ಕಾಕಾ ಎಂದೇ ಕರೆಯುತ್ತಿದ್ದ. ಬಿಡಿಭಾಗಗಳನ್ನು ಆರಿಸಿ ಆ ಯಂತ್ರವನ್ನು ಕಟ್ಟಿಕೊಟ್ಟವನೂ ಈರಣ್ಣನೇ. ಅದರಲ್ಲಿದ್ದುದು ಎಂಟು ಕೋರ್‌ಗಳ ಪ್ರೊಸೆಸರ್. ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಚಿಪ್ಪಿಗೆ ಪ್ರೊಸೆಸರ್ ಎನ್ನುತ್ತಾರೆ; ಅದರೊಳಗೆ ತಾನೇ ತಾನಾಗಿ ದುಡಿಯಬಲ್ಲ ಒಂದೊಂದು ಘಟಕಕ್ಕೆ ಕೋರ್ ಎನ್ನುತ್ತಾರೆ. ಒಂದು ಗದ್ದೆಗೆ ಎಂಟು ಆಳು ಇಳಿದಂತೆ.

೨೦೨೨ರ ಮಳೆಗಾಲದಲ್ಲಿ ಯಂತ್ರ ನಿಧಾನವಾಯಿತೆಂದು ಮಂಜುನಾಥ ಬೇರೊಂದು ಅಂಗಡಿಯವನನ್ನು ಕರೆಸಿದ. ಅವನು ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದ. ಕಂಪ್ಯೂಟರಿನೊಳಗೆ ಏನೇನು ನಡೆದಿದೆ ಎಂದು ತೋರಿಸುವ ಪರದೆ ಅದು. ಅಲ್ಲಿ ಕೋರ್‌ಗಳ ಸಂಖ್ಯೆ ನಾಲ್ಕು ಎಂದಿತ್ತು. ಅಸಲಿ ಪ್ರೊಸೆಸರನ್ನು ಯಾರೋ ಕಿತ್ತು ಅಗ್ಗದ್ದನ್ನು ಕೂರಿಸಿದ್ದಾರೆಂದು ಅವನು ತೀರ್ಪು ಕೊಟ್ಟ. ಅದೇ ಪರದೆಯಲ್ಲಿ ಪ್ರೊಸೆಸರಿನ ಹೆಸರು ಮೊದಲಿನದೇ ಇದೆಯಲ್ಲ ಎಂದು ಮಂಜುನಾಥ ಕೇಳಿದ್ದಕ್ಕೆ, ಹೆಸರನ್ನು ಹೇಗೆ ಬೇಕಾದರೂ ಬರೆಸಬಹುದು ಎಂದನಂತೆ. ಡಬ್ಬಿಯ ನಾಲ್ಕು ತಿರುಪು ಬಿಚ್ಚುವಷ್ಟು ತಾಳ್ಮೆ ಇಬ್ಬರಿಗೂ ಇರಲಿಲ್ಲ. ಇದನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಮಂಜುನಾಥ ಚಹಾದಂಗಡಿಯಲ್ಲಿ ಹತ್ತು ಜನರ ಮುಂದೆ ಈರಣ್ಣನನ್ನು ಕೇಳಿದ. ಈರಣ್ಣ ಕೊಟ್ಟದ್ದು ಒಂದೇ ಉತ್ತರ: "ನಾನ ಕಮ್ಮಿ ಮಾಡೇನಪಾ. ಎಲ್ಲಿ ಹೋಗಿಲ್ಲ, ಅಲ್ಲೇ ಅದಾವು. ಬಾ, ತಗದು ತೋರಸ್ತೇನಿ." ಮಂಜುನಾಥ, ಇನ್ನು ಆ ಡಬ್ಬಿಗೆ ಕೈ ಹಚ್ಚಬೇಡಿ ಎಂದುಬಿಟ್ಟ. ಕೂತವರು ನಕ್ಕರು. ಅಂದಿನಿಂದ ಆ ಅಂಗಡಿಯಲ್ಲಿ ಯಾರದಾದರೂ ಚಪ್ಪಲಿ ಕಾಣದಿದ್ದರೆ, "ಅಲ್ಲೇ ಅದಾವಪಾ, ಈರಣ್ಣ ಕಮ್ಮಿ ಮಾಡ್ಯಾನ" ಎನ್ನುವುದು ರೂಢಿಯಾಯಿತು.

ಆ ವರ್ಷದ ದಸರೆಯಂದು ಈರಣ್ಣ ಬನ್ನಿ ಕೊಡಲು ಸ್ಟುಡಿಯೋಕ್ಕೆ ಹೋದ. ನಮ್ಮ ಕಡೆ ವರ್ಷದ ಜಗಳವೆಲ್ಲ ಬನ್ನಿ ಎಲೆಯ ಜೊತೆ ಮುಗಿಯಬೇಕು. ಹಿರಿಯನಾಗಿ ತಾನೇ ಮೊದಲು ಕೈ ನೀಡಿದ. ಮಂಜುನಾಥ ಮೌಸ್ ಮೇಲಿನ ಕೈ ಎತ್ತಲಿಲ್ಲ. ಎಲೆಗಳನ್ನು ಕೌಂಟರಿನ ಮೇಲಿಟ್ಟು ಈರಣ್ಣ ಹೊರಬಂದ. ಹಳಿಯಾಳದಲ್ಲಿ ಕೆಲಸ ಕೊಡುವವರು ಕಡಿಮೆಯಾದರು. ಮುಂಡಗೋಡಿನ ಆಚೆ ಸನವಳ್ಳಿಯವರೆಗೂ ಬೈಕಿನಲ್ಲಿ ರಿಪೇರಿಗೆ ಅಲೆಯತೊಡಗಿದ. ಅವನ ಎದೆನೋವಿಗೂ ಇದಕ್ಕೂ ಸಂಬಂಧವಿತ್ತೇ ಎಂದರೆ, ನಾನು ವೈದ್ಯನಲ್ಲ, ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ನಾನು ಸ್ಟುಡಿಯೋಕ್ಕೆ ಹೋದೆ. ಮಂಜುನಾಥ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದ. ಒಳಗಿದ್ದ ಗಿರಾಕಿಗೆ ಚಹಾ ಬಂತು, ನನಗೆ ಕುರ್ಚಿಯೂ ಬರಲಿಲ್ಲ. ಬಂದ ಕಾರಣ ಹೇಳಿದಾಗ, "ಇದು ಮಿಲ್ಲಿನ ಬಾಯ್ಲರ್ ಅಲ್ರೀ ಅಜ್ಜಾರ" ಎಂದ. ಕಾರ್ಖಾನೆಯ ಕಂಪ್ಯೂಟರುಗಳನ್ನು ನಾನು ನೋಡತೊಡಗಿದಾಗ ಈ ಮನುಷ್ಯ ಇನ್ನೂ ಹುಟ್ಟಿರಲಿಲ್ಲ. ಆದರೂ ನಿಂತೇ ಇದ್ದೆ. ನಾನು ಅಲ್ಲಿ ನನ್ನ ಮಾನಕ್ಕಾಗಿ ಹೋಗಿರಲಿಲ್ಲ. ಗಿರಾಕಿ ಹೋದ ಮೇಲೆ ಅವನಿಗೇ ಬೇಸರವಾಗಿರಬೇಕು, "ನೋಡ್ರಿ ಹಂಗಾರ" ಎಂದ.

ಮೊದಲು ಡಬ್ಬಿ ಬಿಚ್ಚಿದೆ. ಪ್ರೊಸೆಸರಿನ ಮೇಲೆ ಕೂತ ಫ್ಯಾನಿನ ಅಂಚಿಗೆ ಒಣಗಿದ ಕುಂಕುಮವಿತ್ತು. ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ ದಿನ ಎಲ್ಲರೂ ಡಬ್ಬಿಯ ಹೊರಗೆ ಕುಂಕುಮ ಹಚ್ಚುತ್ತಾರೆ. ಒಳಗೂ ಹಚ್ಚುವವನು ಈರಣ್ಣ ಒಬ್ಬನೇ. ಫ್ಯಾನು ತೆಗೆದು, ಶಾಖ ದಾಟಿಸಲು ಹಚ್ಚಿದ್ದ ಬಿಳಿ ಪೇಸ್ಟ್ ಒರೆಸಿ, ಚಿಪ್ಪಿನ ಮೇಲೆ ಕೊರೆದ ಹೆಸರನ್ನು ಮಂಜುನಾಥನಿಂದಲೇ ಗಟ್ಟಿಯಾಗಿ ಓದಿಸಿದೆ. ಎಂಟು ಕೋರ್‌ಗಳ ಅದೇ ಅಸಲಿ ಚಿಪ್ಪು. ಮತ್ತೆ ಎಲ್ಲವನ್ನೂ ಕೂರಿಸಿ, ವಿಂಡೋಸ್ ಏಳುವ ಮುನ್ನ ಬರುವ ಬಯೋಸ್ ಎಂಬ ಮೂಲ ಸೆಟ್ಟಿಂಗ್ ಪರದೆಗೆ ಹೋದೆ. ಎಷ್ಟು ಕೋರ್‌ಗಳು ದುಡಿಯಬೇಕೆಂದು ಅಲ್ಲಿ ಆಜ್ಞೆ ಕೊಡಬಹುದು. ನಾಲ್ಕು ಎಂದು ಆಜ್ಞೆ ಇತ್ತು. ಉಳಿದ ನಾಲ್ಕು, ಈರಣ್ಣ ಹೇಳಿದಂತೆ, ಅಲ್ಲೇ ಇದ್ದವು.

ಮಂಜುನಾಥನ ಮುಖ ಕಪ್ಪಿಟ್ಟಿತು. ಆದರೂ ಸೋಲಲಿಲ್ಲ. "ಹಂಗಾರ ಯಾಕ ಕಟ್ಟಿಟ್ರು? ಮಶಿನ್ ನಿಧಾನ ಆದ್ರ ಮತ್ತ ಅವರನ್ನ ಕರೀಲಿ ಅಂತನ?"

ಆ ಪ್ರಶ್ನೆಗೆ ಉತ್ತರ ಹುಡುಕಿ ಮೇಜಿನ ಕೆಳಗೆ ಬಗ್ಗಿದೆ. ಕರೆಂಟು ಹೋದಾಗ ಕಂಪ್ಯೂಟರನ್ನು ಸ್ವಲ್ಪ ಹೊತ್ತು ನಡೆಸುವ ಯುಪಿಎಸ್ ಅಲ್ಲಿತ್ತು. ಅದರ ಬ್ಯಾಟರಿ ಊದಿಕೊಂಡಿತ್ತು. ಎಂಟೂ ಕೋರ್‌ಗಳನ್ನು ಬಿಡಿಸಿ ಒಂದು ಮದುವೆಯ ವಿಡಿಯೋವನ್ನು ಓಡಿಸಲು ಹೇಳಿದೆ. ಯಂತ್ರ ಓಡಿತು, ಮಂಜುನಾಥ ಹುರುಪಿನಿಂದ ನನ್ನ ಕಡೆ ನೋಡಿದ. ಆಗ ನಾನು ಗೋಡೆಯ ಪ್ಲಗ್ಗನ್ನು ಕಿತ್ತೆ. ಯುಪಿಎಸ್ ಒಮ್ಮೆ ಚೀರಿ ನಿಂತಿತು, ಪರದೆ ಕತ್ತಲಾಯಿತು. ಮತ್ತೆ ನಾಲ್ಕಕ್ಕೆ ಇಳಿಸಿ, ಅದೇ ವಿಡಿಯೋ ಹಚ್ಚಿ, ಪ್ಲಗ್ ಕಿತ್ತೆ. ಯುಪಿಎಸ್ ಕುಂಯ್‌ಗುಡುತ್ತಿತ್ತು, ಪರದೆಯಲ್ಲಿ ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುತ್ತಲೇ ಇದ್ದವು.

ಕಡಿಮೆ ಕೋರ್‌ಗಳು ದುಡಿದರೆ ಯಂತ್ರ ಎಳೆಯುವ ಕರೆಂಟೂ ಕಡಿಮೆ; ಇದು ನಮ್ಮ ಕಾರ್ಖಾನೆಯ ಪದ್ಧತಿ. ಲೈನು ಹೋದಾಗ ಜನರೇಟರು ಎಲ್ಲ ಪಂಪುಗಳನ್ನು ಎಳೆಯಲಾರದು. ಅರ್ಧ ಪಂಪುಗಳನ್ನು ನಾವೇ ನಿಲ್ಲಿಸುತ್ತಿದ್ದೆವು, ಉಳಿದರ್ಧವಾದರೂ ನಡೆಯಲಿ ಎಂದು.

ಮಂಜುನಾಥ ತಾನೇ ಪ್ಲಗ್ಗನ್ನು ಮತ್ತೆ ಗೋಡೆಗೆ ಚುಚ್ಚಿದ. "ಹೇಳಿದ್ರರೀ ಕಾಕಾ" ಎಂದ. "ಲಗ್ನದ ಸೀಸನ್ನಿನ್ಯಾಗ ಕರೆಂಟ್ ಹೋದಾಗೊಮ್ಮೆ ಕೆಲಸ ಹಾಳಾಗ್ತಿತ್ತು. 'ಈಗ ಕೆಲಸ ಹೋಗಂಗಿಲ್ಲ ನೋಡು, ಹೊಸಾ ಬ್ಯಾಟರಿ ಹಾಕ್ಸು, ಆಮ್ಯಾಲ ಪೂರ್ತಿ ಬಿಚ್ಚಿ ಕೊಡ್ತೇನಿ' ಅಂದಿದ್ರು. ನಾನು ಜೋಯಿಡಾಕ್ಕ ಶೂಟಿಂಗಿಗೆ ಹೊಂಟಿದ್ದೆ. ಹೂಂ ಅಂದೆ. ಮರತಬಿಟ್ಟೆ."

ಆಮೇಲೆ ಕುರ್ಚಿ ತಂದು ಹಾಕಿದ. ನಾನು ಕೂಡಲಿಲ್ಲ.

ಕಾರ್ಖಾನೆಯಲ್ಲಿ ಯಾವುದನ್ನಾದರೂ ನಿಲ್ಲಿಸಿದವನು ಅದಕ್ಕೆ ತನ್ನ ಹೆಸರಿನ ಕೆಂಪು ಚೀಟಿ ಕಟ್ಟಬೇಕು. ಈರಣ್ಣನಿಗೆ ಬಯೋಸಿನೊಳಗೆ ಚೀಟಿ ಕಟ್ಟಲು ಜಾಗವಿರಲಿಲ್ಲ, ಬಾಯಿಮಾತನ್ನು ನಂಬಿದ್ದ. ನಾನು ಒಂದು ಕೆಂಪು ರಟ್ಟಿನ ಮೇಲೆ "ನಾಲ್ಕು ಕೋರ್ ನಿಲ್ಲಿಸಿದವರು: ಈರಣ್ಣ" ಎಂದು ಬರೆದು ಡಬ್ಬಿಗೆ ಕಟ್ಟಿದೆ. ಅದೇ ಚಹಾದಂಗಡಿಗೆ ಮಂಜುನಾಥನನ್ನು ಕರೆದೊಯ್ದು ನಡೆದದ್ದನ್ನು ಅವನ ಬಾಯಿಂದಲೇ ಹೇಳಿಸಿದೆ. ಹಿಂದೆ ನಕ್ಕವರು ಕೇಳಿಸಿಕೊಂಡರು. ಒಬ್ಬ, "ನಾವು ಚ್ಯಾಷ್ಟಿಗೆ ಅಂತಿದ್ವ್ರಿ" ಎಂದ. ಅವನ ಹೆಸರು ನನಗೆ ನೆನಪಿದೆ.

ಶಾಂತವ್ವನಿಗೆ ಎಲ್ಲವನ್ನೂ ಹೇಳಿದೆ. ತಲೆಯಾಡಿಸಿದರು. ಮುಂದೆ ಬಂದ ದಸರೆಯಂದು ಮಂಜುನಾಥ ಬನ್ನಿ ಹಿಡಿದು ಅವರ ಮನೆಗೆ ಹೋದ. ನಾನೂ ಬರಲೇಬೇಕೆಂದು ಅವನು ಬೇಡಿಕೊಂಡಿದ್ದರಿಂದ ಜೊತೆಗಿದ್ದೆ. ಅವನು ಎರಡೂ ಕೈ ಚಾಚಿದ. ಶಾಂತವ್ವ ಹೊಸ್ತಿಲಲ್ಲೇ ನಿಂತು, ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು: "ಈ ವರ್ಷ ನಮ್ಮನಿಯಾಗ ಹಬ್ಬ ಇಲ್ಲ ತಮ್ಮಾ. ತೀರಿಕೊಂಡ ಮನಿ ಐತಿ, ಬನ್ನಿ ತಗೊಳಂಗಿಲ್ಲ. ಹ್ವಾದ ವರ್ಷ ಇತ್ತು."

ಎಣಿಕೆಯಲ್ಲಿ ಕಡಿಮೆ ಬಂದರೆ ಕದ್ದವನನ್ನು ಹುಡುಕುವ ಮುನ್ನ, ನಿಲ್ಲಿಸಿದವನು ಯಾರು, ಏಕೆ ನಿಲ್ಲಿಸಿದ ಎಂದು ಕೇಳಬೇಕು. ಅದೂ ಅವನು ಉತ್ತರ ಕೊಡಲು ಇರುವಾಗಲೇ. ನನ್ನ ವೃತ್ತಿ ಕಲಿಸಿದ್ದು ಇಷ್ಟು.

ಮಂಜುನಾಥ ಈಗ ಹೊಸ ಬ್ಯಾಟರಿ ಹಾಕಿಸಿದ್ದಾನೆ. ಎಂಟನ್ನೂ ಬಿಡಿಸಬಹುದೇ ಎಂದು ಫೋನಿನಲ್ಲಿ ಕೇಳಿದ. ನಾನು ಕಾರ್ಖಾನೆಯ ನಿಯಮ ಹೇಳಿದೆ: ಯಾರ ಹೆಸರಿನ ಚೀಟಿಯೋ, ಬಿಚ್ಚುವವನೂ ಅವನೇ, ಬೇರೆಯವರು ಮುಟ್ಟುವಂತಿಲ್ಲ. ಯಂತ್ರ ಇಂದಿಗೂ ನಾಲ್ಕರಲ್ಲೇ ಓಡುತ್ತಿದೆ.