ಪಾಕವನ್ನೆಲ್ಲ ಒಮ್ಮೆಲೇ ಸುರಿದ ದಿನ

ನಾನು ಚಿಕ್ಕವನಿದ್ದಾಗ, ಅಂದರೆ ಮುಂದಿನ ಎರಡು ಹಲ್ಲು ಬಿದ್ದು ಹೊಸವು ಇನ್ನೂ ಮೂಡದೆ ಇದ್ದಾಗ, ನಾವು ವಿಶಾಖಪಟ್ಟಣದ ನೌಕಾಪಡೆಯ ಕ್ವಾರ್ಟರ್ಸಿನಲ್ಲಿದ್ದೆವು. ಅಪ್ಪ ಗದಗಿನ ಕಡೆಯ ಎರೆಮಣ್ಣಿನಲ್ಲಿ ಬೆಳೆದವನು, ಹಡಗಿನ ಕೆಲಸಕ್ಕೆ ಸೇರಿದ್ದ. ಆದರೆ ಹಡಗು ಬಂದರು ದಾಟಿತೋ ಇಲ್ಲವೋ, ಅವನಿಗೆ ಹೊಟ್ಟೆ ತೊಳಸಲು ಶುರುವಾಗುತ್ತಿತ್ತು. ನಗಬೇಡಿ ಮಕ್ಕಳೇ! ಎಷ್ಟು ವರ್ಷವಾದರೂ ಸಮುದ್ರಕ್ಕೂ ಅವನ ಹೊಟ್ಟೆಗೂ ರಾಜಿಯೇ ಆಗಲಿಲ್ಲ. ಅನ್ನ, ಸಾರು ಏನೂ ನಿಲ್ಲುತ್ತಿರಲಿಲ್ಲ. ಏನಾದರೂ ಒಣ ತಿಂಡಿ ಇದ್ದರೆ ಮಾತ್ರ ಬಾಯಿಗೆ ಹಾಕಿಕೊಳ್ಳಬಹುದಿತ್ತು.

ಅದಕ್ಕೆಂದೇ ಅವ್ವ ಪ್ರತಿ ಸಲ ಚಕ್ಕುಲಿ, ಅವಲಕ್ಕಿ ಚೂಡಾ ಮಾಡಿ ಡಬ್ಬಿ ತುಂಬಿ ಕಳಿಸುತ್ತಿದ್ದಳು. ಸಮುದ್ರದ ಉಪ್ಪುಗಾಳಿಗೆ ಅವು ಮೆತ್ತಗಾಗಿ ಮುಗ್ಗಲು ವಾಸನೆ ಹಿಡಿಯುತ್ತಿದ್ದವು. ಅಪ್ಪ ಮಾತ್ರ ಸೊರಗಿ ಅರ್ಧದಷ್ಟಾಗಿ ಬರುತ್ತಿದ್ದ, ಡಬ್ಬಿ ತುಂಬಿದ್ದು ತುಂಬಿದ ಹಾಗೇ ಬರುತ್ತಿತ್ತು. ಅವ್ವ ಅದನ್ನು ಕಾಗೆಗಳಿಗೆ ಹಾಕಿಬಿಡುತ್ತಿದ್ದಳು. ಅವಳ ಮುಖ ನೋಡಲು ನನಗೂ ಅಕ್ಕನಿಗೂ ಆಗುತ್ತಿರಲಿಲ್ಲ.

ನಮ್ಮ ಮೇಲಿನ ಮನೆಯಲ್ಲಿ ಒಬ್ಬ ತಮಿಳು ಅಜ್ಜಿ ಇದ್ದರು. ನಾವು ಅವರನ್ನು ಅವರ ಭಾಷೆಯಲ್ಲೇ ಪಾಟಿ ಎನ್ನುತ್ತಿದ್ದೆವು. ಅವರ ಮಗನೂ ಅಪ್ಪನ ಹಾಗೆ ಹಡಗಿನವನೇ. ಹಡಗಿಗೆ ಕಳಿಸುವುದಾದರೆ ಪೊರಿವಿಳಂಗಾಯ್ ಉಂಡೆಯನ್ನೇ ಕಳಿಸಬೇಕು, ಕಲ್ಲಿನ ಹಾಗೆ ಗಟ್ಟಿ, ತಿಂಗಳಾದರೂ ಕೆಡುವುದಿಲ್ಲ ಎಂದು ಅವರೇ ಅವ್ವನಿಗೆ ಹೇಳಿದರು. ಆ ಹೆಸರು ಹೇಳಹೋದರೆ ನನ್ನ ಹಲ್ಲಿಲ್ಲದ ಬಾಯಿಂದ ಬರೀ ಗಾಳಿ ಬರುತ್ತಿತ್ತು, ಅಕ್ಕ ಬಿದ್ದು ಬಿದ್ದು ನಗುತ್ತಿದ್ದಳು.

ಅಪ್ಪ ಸಂಜೆಯೊಳಗೆ ಹಡಗು ಸೇರಬೇಕಾಗಿದ್ದ ಒಂದು ದಿನ, ಬೆಳಿಗ್ಗೆಯೇ ಪಾಟಿ ನಮ್ಮ ಅಡಿಗೆಮನೆಗೆ ಬಂದು ಕೂತರು. ಕುಚ್ಚಲಕ್ಕಿ, ಗೋಧಿ, ಹೆಸರುಬೇಳೆ, ಕಡಲೆಬೇಳೆ ಎಲ್ಲವನ್ನೂ ಎಣ್ಣೆ ಹಾಕದೆ ಒಂದೊಂದಾಗಿ ಹುರಿಸಿದರು. ಅಕ್ಕಿ ಪಟಪಟ ಸಿಡಿದು ಉಬ್ಬಿತು. ಹೆಸರುಬೇಳೆ ಕೆಂಪಗಾಗುವಾಗ ಬಂದ ಪರಿಮಳ ಮೆಟ್ಟಿಲಿಳಿದು ಹೊರಗಿನವರೆಗೂ ಹೋಯಿತು. ನಾನೂ ಅಕ್ಕನೂ ಅದನ್ನೆಲ್ಲ ಗಿರಣಿಗೆ ಒಯ್ದು ಬೀಸಿಸಿಕೊಂಡು ಬಂದೆವು. ಬಿಸಿ ಹಿಟ್ಟಿನ ಡಬ್ಬಿಯನ್ನು ಎದೆಗವಚಿಕೊಂಡು ಬಂದದ್ದು ಈಗಲೂ ನೆನಪಿದೆ. ಅಷ್ಟರಲ್ಲಿ ಅವ್ವ ಶೇಂಗಾ ಹುರಿದು, ಕೊಬ್ಬರಿಯನ್ನು ಸಣ್ಣ ಚೂರು ಮಾಡಿ ಇಟ್ಟಿದ್ದಳು. ಹಿಟ್ಟನ್ನೂ ಅವನ್ನೂ ಪರಾತವೆಂಬ ಅಗಲ ತಟ್ಟೆಗೆ ಹಾಕಿ ಕಲೆಸಿದಳು. ಒಲೆಯ ಮೇಲೆ ಹತ್ತಿರದ ಊರಾದ ಅನಕಾಪಲ್ಲಿಯ ಬೆಲ್ಲದ ಪಾಕ ಕುದಿಯುತ್ತಿತ್ತು. ಪಾಟಿ ಒಂದು ಹನಿಯನ್ನು ನೀರಿಗೆ ಬಿಟ್ಟು, ಗಟ್ಟಿಯಾದದ್ದನ್ನು ಉರುಟಾಗಿಸಿ ತಾಟಿಗೆ ಎಸೆದರು. ಟಣ್ ಎಂದಿತು. ಪಾಕ ಬಂದಿದೆ ಎಂದು ತಲೆಯಾಡಿಸಿ, ಒಣಶುಂಠಿ ತರಲು ಮೇಲೆ ಹೋದರು. ಹೋಗುವಾಗ ಒಂದು ಸೌಟು ತೋರಿಸಿ, ಇಷ್ಟಿಷ್ಟೇ ಸುರಿಯಬೇಕು ಎಂದು ಕೈಸನ್ನೆಯಲ್ಲೇ ಹೇಳಿದ್ದರು.

ನಮ್ಮ ಅವ್ವ ಪ್ರತಿ ವರ್ಷ ನಾಗರ ಪಂಚಮಿಗೆ ಬುಟ್ಟಿಗಟ್ಟಲೆ ಉಂಡಿ ಕಟ್ಟಿದವಳು. “ಉಂಡಿ ಕಟ್ಟೂದು ನನಗೇನ್ ಹೊಸಾದಾ?” ಎಂದು, ಪಂಚಮಿ ಉಂಡಿಗೆ ಮಾಡುವ ಹಾಗೆಯೇ ಪಾಕವನ್ನೆಲ್ಲ ಒಮ್ಮೆಲೇ ಹಿಟ್ಟಿಗೆ ಸುರಿದುಬಿಟ್ಟಳು. ಅವಳೂ ಅಕ್ಕನೂ ಬಿಸಿ ಬಿಸಿ ಹಿಟ್ಟಿಗೆ ಕೈ ಹಾಕಿ ನಾಲ್ಕಾರು ಉಂಡೆ ಕಟ್ಟುವಷ್ಟರಲ್ಲಿ ಪರಾತದ ಅಂಚಿನ ಹಿಟ್ಟು ಬಿಗಿಯತೊಡಗಿತು. ಅಕ್ಕ ಚಮಚದಿಂದ ಕೆದಕಿದಳು, ಚಮಚವೇ ಬಾಗಿತು. ಅವ್ವನ ಕೈ ಕೆಂಪಗಾಗಿತ್ತು, ಕಣ್ಣಲ್ಲಿ ನೀರು ತುಂಬಿತ್ತು.

“ಈ ಸಲಾನೂ ಅವರು ಹಸಕೊಂಡೇ ಹೋಗೂ ಹಂಗಾತಲ್ಲೋ,” ಎಂದಳು. ಅದು ಕೈಸುಟ್ಟ ನೋವಿನ ಅಳುವಲ್ಲ ಎಂದು ನನಗೂ ಗೊತ್ತಾಯಿತು.

ಶುಂಠಿ ಹಿಡಿದು ಇಳಿದುಬಂದ ಪಾಟಿ ಪರಾತವನ್ನು ನೋಡಿದರು. ಬೈಯಲಿಲ್ಲ. ಶುಂಠಿಪುಡಿಯನ್ನು ಹಿಟ್ಟಿನ ಮೇಲೆ ಉದುರಿಸಿ, ಅದು ಇನ್ನಷ್ಟು ಬಿಗಿಯದಿರಲೆಂದು ಪರಾತವನ್ನೇ ಸಣ್ಣ ಕೆಂಡದ ಮೇಲೆ ಇಟ್ಟರು. ಆಮೇಲೆ ನೆಟ್ಟಗೆ ಬಾಗಿಲಿಗೆ ಹೋಗಿ, ಖಾಲಿ ತಾಟನ್ನು ಸೌಟಿನಿಂದ ಬಡಿಯುತ್ತ “ಸೀಕ್ಕಿರಂ! ಸೀಕ್ಕಿರಂ!” ಎಂದು ಕೂಗಿದರು. ಬೇಗ ಬನ್ನಿ ಎಂದು ಅದರರ್ಥ. ಬೆಂಕಿ ಬಿತ್ತೇನೋ ಎಂದುಕೊಂಡು ಎಲ್ಲ ಬಾಗಿಲುಗಳೂ ತೆರೆದವು. ಎದುರುಮನೆಯ ತೆಲುಗು ಪಿನ್ನಿ, ಅಂದರೆ ಚಿಕ್ಕಮ್ಮ, ತಲೆಗೆ ಸುತ್ತಿದ್ದ ಒದ್ದೆ ಟವೆಲಿನಲ್ಲೇ ಓಡಿಬಂದು, “ಅಯ್ಯೋ ಅಕ್ಕಾ, ಪಿಲವಚ್ಚು ಕದಾ!” ಎಂದರು. ನಮ್ಮನ್ನು ಕರೆಯಬಾರದಿತ್ತೇ ಎಂದು ಅವರ ಸಿಟ್ಟು. ಮೆಟ್ಟಿಲಿನ ಆಚೀಚೆಯ ಮನೆಗಳ ಹೆಂಗಸರೆಲ್ಲ ಬಂದರು. ಅವರ ಮನೆಯವರೂ ಹಡಗಿಗೆ ಹೋಗುವವರೇ, ಯಾರಿಗೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ಕೈಗೆ ಅಕ್ಕಿಹಿಟ್ಟು ಹಚ್ಚಿಕೊಂಡು ಪರಾತದ ಸುತ್ತ ಕೂತೇಬಿಟ್ಟರು. ಉಸ್ ಉಸ್ ಎಂದು ಕೈ ಊದಿಕೊಳ್ಳುತ್ತ, ತಮ್ಮ ತಮ್ಮ ಭಾಷೆಯಲ್ಲಿ ಗದ್ದಲ ಮಾಡುತ್ತ, ಚಕಚಕನೆ ಕಟ್ಟಿದರು. ನಾನೂ ಒಂದು ಕಟ್ಟಿದೆ. ಅದು ಉಂಡೆಗಿಂತ ಹೆಚ್ಚಾಗಿ ಆಲೂಗಡ್ಡೆಯನ್ನೇ ಹೋಲುತ್ತಿತ್ತು. ಪರಾತ ಬರಿದಾಯಿತು, ಡಬ್ಬಿ ತುಂಬಿತು. ಅಪ್ಪ ಅದನ್ನು ಹೊತ್ತುಕೊಂಡು ಹೊರಟ.

ಅಪ್ಪ ತಿರುಗಿ ಬಂದ ದಿನ ಅವ್ವ ಅವನ ಮುಖಕ್ಕಿಂತ ಮೊದಲು ಡಬ್ಬಿ ನೋಡಿದಳು. ಮುಚ್ಚಳ ತೆಗೆದು ಬೋರಲು ಹಾಕಿ ಅಲ್ಲಾಡಿಸಿದಳು. ಒಂದು ಚೂರೂ ಬೀಳಲಿಲ್ಲ. ಒಂದೊಂದು ಉಂಡೆ ಒಡೆದು ದವಡೆಗೆ ಇಟ್ಟುಕೊಂಡರೆ ಗಂಟೆಗಟ್ಟಲೆ ಕರಗುತ್ತಿತ್ತಂತೆ, ಹೊಟ್ಟೆಯೂ ಸುಮ್ಮನಿರುತ್ತಿತ್ತಂತೆ. “ಒಂದೂ ಇನ್ನೊಂದರಂಗ ಇರಲಿಲ್ಲ. ಇದು ಪಾಟೀದು, ಇದು ಪಿನ್ನೀದು ಅಂತ ಗುರುತು ಹಿಡಕೋತ ತಿಂದೆ,” ಎಂದ ಅಪ್ಪ. ಆಲೂಗಡ್ಡೆ ಯಾರದೆಂದು ಮಾತ್ರ ಕೇಳಬೇಕಾಗಿಯೇ ಇರಲಿಲ್ಲವಂತೆ. ಅವ್ವ ನಗುತ್ತ ಅತ್ತಳು. ಆ ಕೈಗಳ ಋಣ ಇವತ್ತಿಗೂ ತೀರಿಲ್ಲ.

ಮಕ್ಕಳೇ, ನಾವೀಗ ವಿಜಯವಾಡದಲ್ಲಿದ್ದೇವೆ. ಗವರ್ನರ್‌ಪೇಟೆಗೆ ಹೋದರೆ ಯಾವ ತಿಂಡಿ ಬೇಕಾದರೂ ಸಿಗುತ್ತದೆ. ಅದೂ ಬೇಡವೆಂದರೆ ಫೋನ್ ಒತ್ತಿದರೆ ಸಾಕು, ಬಾಗಿಲಿಗೇ ಬರುತ್ತದೆ. ನಿಮ್ಮ ಪ್ಯಾಕೆಟ್ಟಿನ ಚಿಪ್ಸ್ ಸಮುದ್ರಕ್ಕೆ ಒಯ್ದರೂ ಮೆತ್ತಗಾಗುವುದಿಲ್ಲ, ಒಳ್ಳೆಯದೇ. ಆದರೆ ಎದುರಿನ ಫ್ಲ್ಯಾಟಿನಲ್ಲಿ ಯಾರಿದ್ದಾರೆ ಎಂದು ಕೇಳಿದರೆ ನೀವು ಮುಖ ಮುಖ ನೋಡಿಕೊಳ್ಳುತ್ತಿದ್ದಿರಿ.

ಮೊನ್ನೆ ಭಾನುವಾರ ನಾವು ಈ ಉಂಡೆ ಕಟ್ಟಲು ಕೂತಾಗ ನಾನು ಪಾಕವನ್ನೆಲ್ಲ ಒಮ್ಮೆಲೇ ಸುರಿದೆನಲ್ಲ, “ತಾತನಿಗೆ ಮರೆವು” ಎಂದು ನೀವು ಪಿಸುಗುಟ್ಟಿದಿರಿ. ನಾನು ತಾಟು ಬಡಿದೆ, ನೀವು ಓಡಿಹೋಗಿ ಎಲ್ಲರ ಮನೆಯ ಬೆಲ್ ಒತ್ತಿದಿರಿ. ಒಬ್ಬೊಬ್ಬರಾಗಿ ಬಂದು, ಕೈಗೆ ಹಿಟ್ಟು ಹಚ್ಚಿಕೊಂಡು ನಮ್ಮ ಅಡಿಗೆಮನೆಯ ನೆಲದ ಮೇಲೆ ಕೂತರು. ಸೌಟಿನಲ್ಲಿ ಇಷ್ಟಿಷ್ಟೇ ಸುರಿದಿದ್ದರೆ ನಾನೊಬ್ಬನೇ ಕಟ್ಟಿ ಮುಗಿಸಬಹುದಿತ್ತು. ಅದು ನನಗೆ ಚೆನ್ನಾಗಿಯೇ ನೆನಪಿತ್ತು.